ಟ್ರಾಕ್ಟರಿನ ಟ್ರೈಲರುಗಳಲ್ಲಿ ಬ್ರೇಕು ದೀಪ ಕೆಡುವ ಕಾರಣಗಳೂ ಅದನ್ನು ಸರಿಪಡಿಸುವ ಕ್ರಮವೂ

ಎತ್ತಿನ ಗಾಡಿಗಳೇ ರೈತರ ಸಾಗಾಣಿಕೆಗೆ ಮುಖ್ಯ ಸಾಧನವಾಗಿದ್ದ ಕಾಲದಲ್ಲಿ, ರಾತ್ರಿಯ ವೇಳೆ ಸಂತೆಗೆ ಹೊರಟ ಗಾಡಿಯ ಅಡಿಯಲ್ಲಿ ಒಂದು ಲಾಟೀನನ್ನು ತೂಗುಹಾಕುವ ವಾಡಿಕೆಯಿತ್ತು. ರಸ್ತೆಯಲ್ಲಿ ವೇಗವಾಗಿ ಓಡುವ ವಾಹನಗಳು ಆಗ ವಿರಳವಾಗಿದ್ದುದರಿಂದ ಆ ಮಂದವಾದ ಬೆಳಕೇ ಸಾಕಾಗುತ್ತಿದ್ದಿತು. ಈಗ ಗಾಡಿಯ ಸ್ಥಾನಕ್ಕೆ ಬಹುಮಟ್ಟಿಗೆ ಟ್ರಾಕ್ಟರೂ ಅದರ ಹಿಂದೆ ಕಟ್ಟುವ ಟ್ರೈಲರೂ ಬಂದಿವೆ. ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕಡಲೆಕಾಯಿ, ರಾಗಿಯ ಹುಲ್ಲು, ಹುಣಿಸೆಹಣ್ಣು, ಗೊಬ್ಬರ, ಕೆರೆಯ ಗೋಡು ಮುಂತಾದ ಸಕಲ ಪದಾರ್ಥಗಳೂ ಟ್ರೈಲರುಗಳ ಮೂಲಕವೇ ಸಾಗುತ್ತವೆ. ಹೊರೆ ಹೆಚ್ಚಾಯಿತು, ರಸ್ತೆಯ ಸಂಚಾರವೂ ಹೆಚ್ಚಾಯಿತು. ಆದರೆ ಹಿಂದಿನ ಲಾಟೀನಿನ ಸ್ಥಾನದಲ್ಲಿರಬೇಕಾದ ದೀಪಗಳು ಮಾತ್ರ ಅನೇಕ ಟ್ರೈಲರುಗಳಲ್ಲಿ ಒಡೆದೋ, ಆರಿಯೋ, ತಂತಿ ಕಡಿದೋ ಇರುತ್ತವೆ. ಇದು ದೊಡ್ಡ ಖರ್ಚಿನಿಂದ ಪರಿಹಾರವಾಗಬೇಕಾದ ದೋಷವಲ್ಲ. ದೋಷವಿರುವ ಸ್ಥಳವನ್ನು ಕ್ರಮವಾಗಿ ಹುಡುಕುವುದನ್ನು ತಿಳಿದರೆ, ಮನೆಯಲ್ಲಿರುವ ಸಾಮಾನ್ಯ ಸಲಕರಣೆಗಳಿಂದಲೇ ಇದನ್ನು ಸರಿಪಡಿಸಬಹುದು. ಆ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ಬ್ರೇಕು ದೀಪದ ಅವಶ್ಯಕತೆ

ತೋವಿನಕೆರೆಯಿಂದ ಒಂದು ಟ್ರೈಲರು ಹುಣಿಸೆಹಣ್ಣಿನ ಮೂಟೆಗಳನ್ನು ಹೇರಿಕೊಂಡು ಬೆಳಗಿನ ಜಾವದ ಕತ್ತಲಿನಲ್ಲಿ ತುಮಕೂರಿನ ಮಾರುಕಟ್ಟೆಗೆ ಹೊರಟಿತೆಂದು ಇಟ್ಟುಕೊಳ್ಳೋಣ. ದಾರಿಯಲ್ಲಿ ದನಗಳು ಅಡ್ಡ ಬರಲು ಚಾಲಕನು ಬ್ರೇಕನ್ನು ಒತ್ತಿ ನಿಲ್ಲಿಸುತ್ತಾನೆ. ಹಿಂದಿನಿಂದ ಒಬ್ಬನು ಮೋಟಾರು ಸೈಕಲ್ಲಿನ ಮೇಲೆ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುತ್ತಿದ್ದಾನೆ. ಈ ವೇಗದಲ್ಲಿ ಅವನು ಒಂದು ಸೆಕೆಂಡಿಗೆ ಸುಮಾರು 17 ಮೀಟರು ದೂರ ಸಾಗುವನು. ಎದುರಿಗಿರುವುದನ್ನು ಕಂಡು ಮನಸ್ಸಿಗೆ ತಂದುಕೊಂಡು ಕೈಕಾಲಾಡಿಸುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ 25 ಮೀಟರು ಕಳೆದುಹೋಗುವುದು. ವಾಹನವು ಪೂರ್ಣವಾಗಿ ನಿಲ್ಲುವುದಕ್ಕೆ ಇನ್ನೂ 20ರಿಂದ 25 ಮೀಟರು ಬೇಕು. ಮೋಟಾರು ಸೈಕಲ್ಲಿನ ತಗ್ಗಿಸಿದ ದೀಪವು ಚೆನ್ನಾಗಿ ಬೆಳಗುವ ದೂರವೂ ಹೆಚ್ಚುಕಡಿಮೆ ಇಷ್ಟೇ. ಎದುರಿನಿಂದ ಬರುವ ಲಾರಿಯ ದೀಪವು ಕಣ್ಣು ಕುಕ್ಕಿದರಂತೂ ಆ ದೂರವು ಮತ್ತಷ್ಟು ಕಡಿಮೆಯಾಗುವುದು. ಆದಕಾರಣ ಟ್ರೈಲರಿನ ಹಿಂಭಾಗವು ಕತ್ತಲೆಯಾಗಿದ್ದರೆ, ಅವನು ಎಷ್ಟೇ ಎಚ್ಚರವುಳ್ಳವನಾದರೂ ಪಾರಾಗುವುದು ದೈವಾಧೀನವೇ ಸರಿ.

1989ನೆಯ ಕೇಂದ್ರ ಮೋಟಾರು ವಾಹನಗಳ ನಿಯಮಗಳ ಪ್ರಕಾರ, ಸೂರ್ಯಾಸ್ತಮಾನವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನವರೆಗೆ ರಸ್ತೆಯಲ್ಲಿ ಸಾಗುವ ವಾಹನದ ಹಿಂಬದಿಯಲ್ಲಿ 155 ಮೀಟರು ದೂರಕ್ಕೆ ಕಾಣುವ ಕೆಂಪು ದೀಪವಿರಬೇಕು. 155 ಮೀಟರಿನಿಂದ ದೀಪವು ಕಂಡರೆ ಮೇಲೆ ಹೇಳಿದ ಸವಾರನಿಗೆ ಒಂಬತ್ತು ಸೆಕೆಂಡುಗಳ ಅವಕಾಶ ದೊರೆಯುವುದು. ಸದಾ ಹತ್ತಿರುವ ಈ ಮಂದವಾದ ಕೆಂಪು ದೀಪವನ್ನು ಈ ಲೇಖನದಲ್ಲಿ ಹಿಂದೀಪವೆಂದು ಕರೆಯಲಾಗಿದೆ. ಮುಂದೆ ಒಂದು ವಾಹನವಿದೆಯೆಂಬುದನ್ನು ಹಿಂದೀಪವು ತಿಳಿಸುವುದು. ಆ ವಾಹನವು ನಿಲ್ಲುತ್ತಿದೆಯೆಂಬುದನ್ನು ಬ್ರೇಕು ದೀಪವು ತಿಳಿಸುವುದು. ಎರಡರಲ್ಲಿ ಯಾವುದೂ ಇನ್ನೊಂದರ ಕೆಲಸವನ್ನು ಮಾಡಲಾರದು. ಟ್ರೈಲರಿಗೆ ಸ್ವಂತವಾಗಿ ಬ್ರೇಕು ಇಲ್ಲದಿದ್ದರೂ ಟ್ರಾಕ್ಟರಿನ ಬ್ರೇಕನ್ನು ಒತ್ತಿದಾಗ ಟ್ರೈಲರಿನ ಹಿಂದೆ ದೀಪ ಹತ್ತಲೇಬೇಕು. ಏಕೆಂದರೆ ಟ್ರಾಕ್ಟರಿನ ದೀಪಗಳನ್ನು ಟ್ರೈಲರೇ ಮರೆಮಾಡಿರುತ್ತದೆ.

ವಿದ್ಯುತ್ತು ಸಾಗುವ ದಾರಿ

ದೋಷವನ್ನು ಹುಡುಕುವುದಕ್ಕೆ ಮೊದಲು ವಿದ್ಯುತ್ತಿನ ದಾರಿಯನ್ನು ತಿಳಿಯಬೇಕು. ಟ್ರಾಕ್ಟರಿನ 12 ವೋಲ್ಟು ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನು ದಾಟಿ, ಬ್ರೇಕು ಪೆಡಲಿನ ಬಳಿಯಿರುವ ಸ್ವಿಚ್ಚಿಗೆ ಬರುವುದು. ಪೆಡಲನ್ನು ಒತ್ತಿದಾಗ ಸ್ವಿಚ್ಚು ಕೂಡಿಕೊಂಡು, ವಿದ್ಯುತ್ತು ಟ್ರಾಕ್ಟರಿನ ಹಿಂದಿರುವ ಏಳು ಕಡ್ಡಿಗಳ ಸಾಕೆಟ್ಟಿಗೆ ಸೇರಿ, ಅಲ್ಲಿಂದ ಪ್ಲಗ್ಗಿನ ಮೂಲಕ ಟ್ರೈಲರಿನ ತಂತಿಗೆ ಹೋಗಿ ಬಲ್ಬನ್ನು ಬೆಳಗುವುದು. ಇಲ್ಲಿಗೆ ಅರ್ಧ ದಾರಿ ಮಾತ್ರ ಆಯಿತು. ಬಲ್ಬನ್ನು ದಾಟಿದ ವಿದ್ಯುತ್ತು ಹಿಂತಿರುಗಿ ಬ್ಯಾಟರಿಯ ಋಣ ತುದಿಯನ್ನು ಮುಟ್ಟಬೇಕು. ಹೀಗೆ ಹಿಂತಿರುಗುವ ದಾರಿಗೆ ‘ಅರ್ತು’ ಎಂದು ರೂಢಿಯಲ್ಲಿ ಹೆಸರು.

ಹಿಂದೆ ಬಾವಿಗಳಲ್ಲಿ ಕಪಿಲೆ ಹೊಡೆಯುತ್ತಿದ್ದುದನ್ನು ಹಿರಿಯರು ಬಲ್ಲರು. ತುಂಬಿದ ಬಾನಿ ಮೇಲಕ್ಕೆ ಬಂದರಷ್ಟೇ ಸಾಲದು. ಎತ್ತುಗಳು ಹಿಂದಕ್ಕೆ ಸರಿದು ಬರಿದಾದ ಬಾನಿ ಮತ್ತೆ ಬಾವಿಗೆ ಇಳಿದರೆ ಮಾತ್ರ ಮುಂದಿನ ನೀರು. ವಿದ್ಯುತ್ತಿನ ಸ್ಥಿತಿಯೂ ಹಾಗೆಯೇ. ಹೋಗುವ ದಾರಿ ಎಷ್ಟು ಚೆನ್ನಾಗಿದ್ದರೂ ಹಿಂತಿರುಗುವ ದಾರಿ ಕೆಟ್ಟಿದ್ದರೆ ದೀಪ ಹತ್ತಲಾರದು.

ಏಳು ಕಡ್ಡಿಗಳ ಸಾಕೆಟ್ಟಿನ ಕ್ರಮವನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ತನ್ನ 1724ನೆಯ ಮಾನಕದಲ್ಲಿ ಗೊತ್ತುಮಾಡಿದೆ. ಅದರಂತೆ 1ನೆಯದು ಎಡಗಡೆಯ ತಿರುವಿನ ದೀಪಕ್ಕೆ, 2ನೆಯದು ಇತರ ಉಪಯೋಗಕ್ಕೆ, 3ನೆಯದು ಅರ್ತಿಗೆ, 4ನೆಯದು ಬಲಗಡೆಯ ತಿರುವಿನ ದೀಪಕ್ಕೆ, 5ನೆಯದು ಬಲ ಹಿಂದೀಪಕ್ಕೆ, 6ನೆಯದು ಬ್ರೇಕು ದೀಪಕ್ಕೆ, 7ನೆಯದು ಎಡ ಹಿಂದೀಪಕ್ಕೆ. ಈ ಅಂಕಿಗಳು ಸಾಕೆಟ್ಟಿನ ಒಳಭಾಗದಲ್ಲಿ ಆಯಾ ಕಡ್ಡಿಯ ಪಕ್ಕದಲ್ಲಿಯೇ ಅಚ್ಚಾಗಿರುವುದು ವಾಡಿಕೆ. ಆದರೆ ಊರೂರುಗಳಲ್ಲಿ ಹಲವು ಸಾರಿ ದುರಸ್ತಾದ ಟ್ರೈಲರುಗಳಲ್ಲಿ ಈ ಕ್ರಮವು ತಪ್ಪಿರುವುದುಂಟು. ಒಬ್ಬರ ಟ್ರೈಲರನ್ನು ಇನ್ನೊಬ್ಬರ ಟ್ರಾಕ್ಟರಿಗೆ ಕಟ್ಟಿದಾಗ ಬ್ರೇಕು ಒತ್ತಿದರೆ ತಿರುವಿನ ದೀಪ ಹತ್ತುವುದು ಇದರಿಂದಲೇ. ಬಾಡಿಗೆಗೂ ಮುಯ್ಯಿಗೂ ಟ್ರೈಲರುಗಳು ಕೈಬದಲಾಗುವ ಊರುಗಳಲ್ಲಿ ಎಲ್ಲರೂ ಈ ಒಂದೇ ಕ್ರಮವನ್ನು ಅನುಸರಿಸುವುದು ಮೇಲು.

ದೋಷದ ಮುಖ್ಯ ಮೂಲ

ದೀಪ ಹತ್ತದಿದ್ದರೆ ಸಾಮಾನ್ಯವಾಗಿ ಜನರು ಮೊದಲು ಬಲ್ಬನ್ನು ಬದಲಾಯಿಸುವರು. ಅದರಿಂದಲೂ ಗುಣವಾಗದಿದ್ದರೆ ಎರಡನೆಯ ಬಲ್ಬನ್ನು ತರುವರು. ಕಡೆಗೆ ಬೇಸತ್ತು ಕೈಬಿಡುವರು. ಆದರೆ ಟ್ರೈಲರುಗಳಲ್ಲಿ ಮೊದಲು ಸಂದೇಹಿಸಬೇಕಾದದ್ದು ಬಲ್ಬನ್ನಲ್ಲ, ಅರ್ತನ್ನು. ಇದಕ್ಕೆ ಕಾರಣವೇನೆಂದರೆ, ಅನೇಕ ಟ್ರೈಲರುಗಳಲ್ಲಿ ಅರ್ತಿಗೆ ಪ್ರತ್ಯೇಕವಾದ ತಂತಿಯನ್ನೇ ಎಳೆದಿರುವುದಿಲ್ಲ. ದೀಪದ ಡಬ್ಬಿಯನ್ನು ಟ್ರೈಲರಿನ ಕಬ್ಬಿಣಕ್ಕೆ ಬಿಗಿದು, ಆ ಕಬ್ಬಿಣದ ಮೂಲಕವೂ ಕೊಂಡಿಯ ಗೂಟದ ಮೂಲಕವೂ ವಿದ್ಯುತ್ತು ಟ್ರಾಕ್ಟರಿಗೆ ಹಿಂತಿರುಗಲೆಂದು ಬಿಟ್ಟಿರುವರು. ಕೊಂಡಿಯ ಗೂಟಕ್ಕೆ ಮಣ್ಣು, ಗ್ರೀಸು ಮತ್ತು ತುಕ್ಕು ಮೆತ್ತಿಕೊಂಡಿರುತ್ತದೆ. ದಾರಿಯ ಕುಲುಕಿಗೆ ಅದು ಒಮ್ಮೆ ತಗಲುವುದು, ಒಮ್ಮೆ ಬಿಡುವುದು. ಇದಲ್ಲದೆ ಬೆಸುಗೆಯ ಅಂಗಡಿಯಲ್ಲಿ ಟ್ರೈಲರಿಗೆ ಬಣ್ಣ ಬಳಿದ ಮೇಲೆ ದೀಪದ ಡಬ್ಬಿಯನ್ನು ಜೋಡಿಸುವ ಪದ್ಧತಿಯಿರುವುದರಿಂದ, ಡಬ್ಬಿಗೂ ಕಬ್ಬಿಣಕ್ಕೂ ಮಧ್ಯೆ ಬಣ್ಣದ ಪದರವೇ ಅಡ್ಡವಾಗಿರುವುದು. ಬಣ್ಣವು ವಿದ್ಯುತ್ತನ್ನು ಬಿಡುವುದಿಲ್ಲ.

ರೈತರ ಟ್ರೈಲರುಗಳು ಸಾಗಿಸುವ ಪದಾರ್ಥಗಳೂ ಈ ದೋಷವನ್ನು ಹೆಚ್ಚಿಸುತ್ತವೆ. ಕೊಟ್ಟಿಗೆಯ ಗೊಬ್ಬರದ ರಸವೂ, ಯೂರಿಯಾ ಮತ್ತು ಪೊಟ್ಯಾಷು ಗೊಬ್ಬರಗಳ ಪುಡಿಯೂ ತೇವದೊಡನೆ ಸೇರಿ ತಾಮ್ರದ ತಂತಿಗೆ ಕಿಲುಬನ್ನೂ ಕಬ್ಬಿಣಕ್ಕೆ ತುಕ್ಕನ್ನೂ ಬೇಗನೆ ಹಿಡಿಸುತ್ತವೆ. ಒಂದು ಬ್ರೇಕು ಬಲ್ಬಿನ ಶಕ್ತಿ 21 ವ್ಯಾಟು. ಎರಡು ಬಲ್ಬುಗಳು ಸೇರಿ ಸುಮಾರು ಮೂರೂವರೆ ಆಂಪಿಯರು ವಿದ್ಯುತ್ತನ್ನು ಎಳೆಯುತ್ತವೆ. ಇಷ್ಟು ಪ್ರವಾಹಕ್ಕೆ ತುಕ್ಕು ಹಿಡಿದ ಸಂದು ಅರ್ಧ ಓಮಿನಷ್ಟು ಅಡ್ಡಿಯನ್ನು ಒಡ್ಡಿದರೂ ಒಂದೂವರೆ ವೋಲ್ಟಿನಷ್ಟು ಅಲ್ಲಿಯೇ ನಷ್ಟವಾಗುವುದು. ಬಲ್ಬಿನ ಸ್ವಭಾವವೇನೆಂದರೆ, ವೋಲ್ಟು ಸ್ವಲ್ಪ ಇಳಿದರೂ ಬೆಳಕು ಬಹಳವಾಗಿ ಇಳಿಯುವುದು. 12 ವೋಲ್ಟಿನ ಬದಲು 10 ವೋಲ್ಟು ದೊರೆತರೆ ಬೆಳಕು ಹೆಚ್ಚುಕಡಿಮೆ ಅರ್ಧವಾಗುವುದು. ಹೀಗೆ ಮಂಕಾದ ದೀಪವನ್ನು ಹಗಲಿನಲ್ಲಿ ಯಾರೂ ಕಾಣಲಾರರು.

ಪರೀಕ್ಷೆಗೆ ಮೊದಲು ಮಾಡತಕ್ಕವು

ಟ್ರಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಕೈ ಬ್ರೇಕನ್ನು ಹಾಕಿ, ಟ್ರೈಲರಿನ ಚಕ್ರಗಳಿಗೆ ಹಿಂದೆಯೂ ಮುಂದೆಯೂ ಕಲ್ಲುಗಳನ್ನು ಕೊಡಬೇಕು. ಮೇಲೆತ್ತುವ ತೊಟ್ಟಿಯುಳ್ಳ ಟ್ರೈಲರಾದರೆ, ತೊಟ್ಟಿಯನ್ನು ಎತ್ತಿ ಅದಕ್ಕೆ ಭದ್ರವಾದ ಊರೆಯನ್ನು ಕೊಡದೆ ಯಾರೂ ಅದರ ಅಡಿಗೆ ತಲೆಹಾಕಬಾರದು. ಹುಲ್ಲು ಹೇರಿದ ಟ್ರೈಲರಿನಲ್ಲಿ ವಿದ್ಯುತ್ತಿನ ಪರೀಕ್ಷೆಯನ್ನು ನಡೆಸಲೇಬಾರದು.

ಪರೀಕ್ಷೆಗೆ ಒಂದು ದೀಪ ಬೇಕು. 12 ವೋಲ್ಟು 21 ವ್ಯಾಟಿನ ಒಂದು ಬಲ್ಬನ್ನು ಹೋಲ್ಡರಿಗೆ ಹಾಕಿ, ಅದಕ್ಕೆ ಎರಡು ತಂತಿಗಳನ್ನು ಕೂಡಿಸಿ, ಒಂದರ ಕೊನೆಗೆ ಕಚ್ಚುವ ಕ್ಲಿಪ್ಪನ್ನೂ ಇನ್ನೊಂದರ ಕೊನೆಗೆ ಮೊನೆಯಾದ ಮೊಳೆಯನ್ನೂ ಜೋಡಿಸಿಕೊಳ್ಳಬೇಕು. ಇಲ್ಲಿ ಚಿಕ್ಕ ಬಲ್ಬನ್ನು ಉಪಯೋಗಿಸುವುದು ತಪ್ಪು. ಚಿಕ್ಕ ಬಲ್ಬಿಗೆ ಸ್ವಲ್ಪವೇ ವಿದ್ಯುತ್ತು ಸಾಕಾಗುವುದರಿಂದ, ಅರ್ಧ ತುಕ್ಕು ಹಿಡಿದ ಸಂದಿನಲ್ಲಿಯೂ ಅದು ಚೆನ್ನಾಗಿ ಹತ್ತಿ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯನ್ನು ಹುಟ್ಟಿಸುವುದು. ಬ್ರೇಕು ಬಲ್ಬಿನಷ್ಟೇ ಶಕ್ತಿಯುಳ್ಳ ಬಲ್ಬು ಮಾತ್ರ ಸಂದಿನ ನಿಜಸ್ಥಿತಿಯನ್ನು ತೋರಿಸಬಲ್ಲದು. ಇದರ ಜೊತೆಗೆ ಬ್ಯಾಟರಿಯಿಂದ ಟ್ರೈಲರಿನ ಕೊನೆಯವರೆಗೆ ಮುಟ್ಟುವಷ್ಟು ಉದ್ದದ ಒಂದು ಬಿಡಿ ತಂತಿಯೂ, ಉಪ್ಪುಕಾಗದವೂ, ಪೆಡಲನ್ನು ಒತ್ತುವುದಕ್ಕೆ ಒಬ್ಬ ಸಹಾಯಕನೂ ಇರಬೇಕು.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ಟ್ರಾಕ್ಟರಿನಿಂದ ಆರಂಭಿಸಿ ಹಿಂದಕ್ಕೆ ಸಾಗಬೇಕು. ಮಧ್ಯದಿಂದ ಆರಂಭಿಸಿದರೆ ಹೊತ್ತು ವ್ಯರ್ಥವಾಗುವುದು.

ಒಂದನೆಯದಾಗಿ, ಟ್ರೈಲರಿನ ಪ್ಲಗ್ಗನ್ನು ಕಳಚಿ, ಕೀಲಿಯನ್ನು ತಿರುಗಿಸಿ, ಬ್ರೇಕನ್ನು ಒತ್ತಿಸಿ ಟ್ರಾಕ್ಟರಿನ ಸ್ವಂತ ಬ್ರೇಕು ದೀಪಗಳನ್ನು ನೋಡಬೇಕು. ಅವೂ ಹತ್ತದಿದ್ದರೆ ದೋಷವು ಟ್ರೈಲರಿನದಲ್ಲ. ಫ್ಯೂಸು, ಬಲ್ಬು, ಪೆಡಲಿನ ಸ್ವಿಚ್ಚು ಇವುಗಳನ್ನು ಪರೀಕ್ಷಿಸಬೇಕು. ಫ್ಯೂಸು ಸರಿಯಾಗಿದ್ದು, ಸ್ವಿಚ್ಚಿನ ಎರಡು ತಂತಿಗಳನ್ನು ಕಳಚಿ ಒಂದಕ್ಕೊಂದು ಮುಟ್ಟಿಸಿದಾಗ ದೀಪ ಹತ್ತಿದರೆ, ಸ್ವಿಚ್ಚು ಕೆಟ್ಟಿದೆಯೆಂದು ತಿಳಿಯಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಟ್ರಾಕ್ಟರಿಗೆ ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಹೀಗೆ ಎರಡು ಬ್ರೇಕು ಪೆಡಲುಗಳಿರುತ್ತವೆ. ಹೊಲದಲ್ಲಿ ಉಳುವಾಗ ಬದುವಿನ ಬಳಿ ಚಿಕ್ಕದಾಗಿ ತಿರುಗಿಸುವುದಕ್ಕಾಗಿ ಅವುಗಳನ್ನು ಬೇರ್ಪಡಿಸಿರುತ್ತಾರೆ. ಕೆಲವು ಟ್ರಾಕ್ಟರುಗಳಲ್ಲಿ ದೀಪದ ಸ್ವಿಚ್ಚು ಒಂದೇ ಪೆಡಲಿಗೆ ಹೊಂದಿಕೊಂಡಿರುತ್ತದೆ. ಪೆಡಲುಗಳನ್ನು ಕೂಡಿಸುವ ಚಿಲಕವನ್ನು ಹಾಕದೆ ರಸ್ತೆಗೆ ಬಂದು ಇನ್ನೊಂದು ಪೆಡಲನ್ನು ಮಾತ್ರ ಒತ್ತಿದರೆ ದೀಪ ಹತ್ತುವುದಿಲ್ಲ. ಅಷ್ಟೇ ಅಲ್ಲದೆ ಒಂದೇ ಚಕ್ರಕ್ಕೆ ಬ್ರೇಕು ಬಿದ್ದು ಟ್ರಾಕ್ಟರು ಪಕ್ಕಕ್ಕೆ ಎಳೆದು ಮಗುಚುವ ಅಪಾಯವೂ ಉಂಟು. ಆದುದರಿಂದ ಹೊಲದಿಂದ ರಸ್ತೆಗೆ ಹತ್ತುವ ಮೊದಲು ಚಿಲಕವನ್ನು ಹಾಕುವುದು ಚಾಲಕನ ಮೊದಲನೆಯ ಕರ್ತವ್ಯ.

ಎರಡನೆಯದಾಗಿ, ಟ್ರಾಕ್ಟರಿನ ದೀಪ ಸರಿಯಾಗಿದ್ದರೆ ಸಾಕೆಟ್ಟನ್ನು ಪರೀಕ್ಷಿಸಬೇಕು. ಪರೀಕ್ಷಾ ದೀಪದ ಕ್ಲಿಪ್ಪನ್ನು ಟ್ರಾಕ್ಟರಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕಚ್ಚಿಸಿ, ಮೊನೆಯನ್ನು 6ನೆಯ ಕಡ್ಡಿಗೆ ಮುಟ್ಟಿಸಿ ಬ್ರೇಕನ್ನು ಒತ್ತಿಸಬೇಕು. ದೀಪ ಹತ್ತಿದರೆ ಸಾಕೆಟ್ಟಿನವರೆಗೆ ವಿದ್ಯುತ್ತು ಬರುತ್ತಿದೆ. ಅನಂತರ ಕ್ಲಿಪ್ಪನ್ನು 3ನೆಯ ಕಡ್ಡಿಗೆ ಬದಲಾಯಿಸಿ ಮತ್ತೆ ನೋಡಬೇಕು. ಮೊದಲು ಹತ್ತಿದ ದೀಪ ಈಗ ಹತ್ತದಿದ್ದರೆ ಅಥವಾ ಮಂಕಾದರೆ ಸಾಕೆಟ್ಟಿನ ಅರ್ತು ಕೆಟ್ಟಿದೆ.

ಮೂರನೆಯದಾಗಿ, ಪ್ಲಗ್ಗಿನ ಕಡ್ಡಿಗಳನ್ನು ನೋಡಬೇಕು. ಇವು ನಡುವೆ ಸೀಳಿರುವ ಹಿತ್ತಾಳೆಯ ಕಡ್ಡಿಗಳಾದರೆ, ಬಳಕೆಯಿಂದ ಸೀಳು ಮುಚ್ಚಿಕೊಂಡು ಸಾಕೆಟ್ಟಿನಲ್ಲಿ ಸಡಿಲವಾಗುವುದುಂಟು. ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಚಾಕುವಿನ ತುದಿಯಿಂದ ಸೀಳನ್ನು ತುಸು ಅಗಲಿಸಿದರೆ ಹಿಡಿತವು ಮರಳಿ ಬರುವುದು.

ನಾಲ್ಕನೆಯದಾಗಿ, ಪ್ಲಗ್ಗನ್ನು ಹಾಕಿ ಟ್ರೈಲರಿನ ದೀಪದ ಬಳಿಗೆ ಬರಬೇಕು. ದೀಪದ ಗಾಜನ್ನು ಬಿಚ್ಚಿ, ಬಲ್ಬನ್ನು ತೆಗೆದು, ಪರೀಕ್ಷಾ ದೀಪದ ಮೊನೆಯನ್ನು ಹೋಲ್ಡರಿನ ಒಳಗಿರುವ ಬ್ರೇಕಿನ ಗುಂಡಿಗೂ, ಕ್ಲಿಪ್ಪನ್ನು ಹೋಲ್ಡರಿನ ಹೊರಮೈಗೂ ಕೊಟ್ಟು ಬ್ರೇಕನ್ನು ಒತ್ತಿಸಬೇಕು. ದೀಪ ಪ್ರಕಾಶವಾಗಿ ಹತ್ತಿದರೆ ಬರುವ ದಾರಿಯೂ ಹೋಗುವ ದಾರಿಯೂ ಸರಿಯಾಗಿವೆ, ದೋಷವು ಬಲ್ಬಿನದು. ಹತ್ತದಿದ್ದರೆ, ಮೊನೆಯನ್ನು ಅಲ್ಲಿಯೇ ಇಟ್ಟುಕೊಂಡು, ಕ್ಲಿಪ್ಪನ್ನು ಮಾತ್ರ ಬ್ಯಾಟರಿಯ ಋಣ ತುದಿಯಿಂದ ಎಳೆದು ತಂದ ಬಿಡಿ ತಂತಿಗೆ ಕಚ್ಚಿಸಬೇಕು. ಈಗ ಹತ್ತಿದರೆ ಟ್ರೈಲರಿನ ಅರ್ತು ಕೆಟ್ಟಿದೆಯೆಂಬುದು ನಿಸ್ಸಂದೇಹ. ಈಗಲೂ ಹತ್ತದಿದ್ದರೆ ಪ್ಲಗ್ಗಿಗೂ ದೀಪಕ್ಕೂ ಮಧ್ಯೆ ಬ್ರೇಕಿನ ತಂತಿಯು ಎಲ್ಲಿಯೋ ಕಡಿದಿದೆ. ಈ ನಾಲ್ಕನೆಯ ಪರೀಕ್ಷೆಯೇ ಎಲ್ಲದರಲ್ಲಿಯೂ ಮುಖ್ಯವಾದುದು. ಇದನ್ನು ಮಾಡದೆ ಹೊಸ ಬಲ್ಬನ್ನಾಗಲಿ ಹೊಸ ತಂತಿಯನ್ನಾಗಲಿ ಕೊಳ್ಳಬಾರದು.

ಲಕ್ಷಣಗಳಿಂದ ದೋಷವನ್ನು ಗುರುತಿಸುವುದು

ವೈದ್ಯನು ನಾಡಿಯಿಂದ ರೋಗವನ್ನು ಊಹಿಸುವಂತೆ, ದೀಪದ ನಡವಳಿಕೆಯಿಂದಲೂ ದೋಷವನ್ನು ಬಹುಮಟ್ಟಿಗೆ ಊಹಿಸಬಹುದು.

(1) ಹಿಂದೀಪ ಹತ್ತಿರುವಾಗ ಬ್ರೇಕನ್ನು ಒತ್ತಿದರೆ ದೀಪ ಹೆಚ್ಚಾಗುವುದರ ಬದಲು ಮಂಕಾಗುವುದು ಅಥವಾ ಆರುವುದು: ಇದು ಅರ್ತು ಕೆಟ್ಟಿರುವುದರ ಸ್ಪಷ್ಟವಾದ ಲಕ್ಷಣ. ಬಸಿಗಾಲುವೆ ಕಟ್ಟಿಕೊಂಡರೆ ಗದ್ದೆಯ ನೀರು ಪಕ್ಕದ ಗದ್ದೆಗೆ ನುಗ್ಗುವಂತೆ, ಹಿಂತಿರುಗುವ ದಾರಿಯಿಲ್ಲದ ವಿದ್ಯುತ್ತು ಒಂದು ದೀಪದ ತಂತಿಯಿಂದ ಇನ್ನೊಂದು ದೀಪದ ತಂತಿಗೆ ನುಗ್ಗುವುದು. ಎರಡು ಕಡೆಯಿಂದಲೂ ಒತ್ತಡ ಸಮನಾದಾಗ ಎರಡೂ ದೀಪಗಳು ಆರುವುವು.

(2) ತಿರುವಿನ ದೀಪ ಮಿನುಗುವಾಗ ಬ್ರೇಕು ದೀಪವೂ ಅದರೊಡನೆ ಮಿನುಗುವುದು: ಇದಕ್ಕೂ ಕಾರಣ ಅರ್ತೇ.

(3) ಒಂದು ಪಕ್ಕದ ದೀಪ ಮಾತ್ರ ಹತ್ತದಿರುವುದು: ಆ ಪಕ್ಕದ ಬಲ್ಬು, ಹೋಲ್ಡರು ಅಥವಾ ಕವಲು ತಂತಿಯಲ್ಲಿ ದೋಷ.

(4) ಹಿಂದೀಪವು ಅತಿ ಪ್ರಕಾಶವಾಗಿಯೂ ಬ್ರೇಕು ದೀಪವು ಮಂಕಾಗಿಯೂ ಇರುವುದು: ಬಲ್ಬನ್ನು ತಿರುವುಮುರುವಾಗಿ ಹಾಕಲಾಗಿದೆ, ಇಲ್ಲವೆ ತಂತಿಗಳು ಅದಲುಬದಲಾಗಿವೆ. ಒಂದೇ ಬಲ್ಬಿನಲ್ಲಿ 21 ವ್ಯಾಟಿನ ಬ್ರೇಕು ಎಳೆಯೂ 5 ವ್ಯಾಟಿನ ಹಿಂದೀಪದ ಎಳೆಯೂ ಇರುತ್ತವೆ. ತಪ್ಪಾಗಿ ಕೂರದಿರಲೆಂದೇ ಇದರ ಎರಡು ಕಿವಿಗಳನ್ನು ಮೇಲು ಕೆಳಗಾಗಿ ಇಟ್ಟಿರುವರು. ಆದರೂ ಸವೆದ ಹೋಲ್ಡರಿಗೆ ಬಲವಂತವಾಗಿ ತುರುಕುವುದುಂಟು.

(5) ನಿಂತಾಗ ಸರಿಯಾಗಿದ್ದು ಹಳ್ಳದಿಣ್ಣೆಯಲ್ಲಿ ಮಿನುಗುವುದು: ಸಡಿಲವಾದ ಪ್ಲಗ್ಗು, ಅಥವಾ ಹೊದಿಕೆಯ ಒಳಗೇ ತುಂಡಾಗಿರುವ ತಂತಿ.

(6) ಟ್ರೈಲರಿನ ಪ್ಲಗ್ಗನ್ನು ಹಾಕಿ ಬ್ರೇಕನ್ನು ಒತ್ತಿದಾಗ ಮಾತ್ರ ಫ್ಯೂಸು ಹೋಗುವುದು: ಟ್ರೈಲರಿನ ಬ್ರೇಕಿನ ತಂತಿಯು ಎಲ್ಲಿಯೋ ಸವೆದು ಕಬ್ಬಿಣವನ್ನು ಮುಟ್ಟುತ್ತಿದೆ. ತಿರುಗಿಸುವಾಗ ಹೋದರೆ ಕೊಂಡಿಯ ಬಳಿಯಲ್ಲಿಯೂ, ತೊಟ್ಟಿಯನ್ನು ಎತ್ತುವಾಗ ಹೋದರೆ ತೊಟ್ಟಿಯ ಕೀಲಿನ ಬಳಿಯಲ್ಲಿಯೂ ನೋಡಬೇಕು. ಬಹುದಿನ ನಿಂತಿದ್ದ ಟ್ರೈಲರಾದರೆ ಇಲಿಗಳು ಕಡಿದಿರಲೂಬಹುದು.

(7) ಬ್ರೇಕನ್ನು ಬಿಟ್ಟರೂ ದೀಪ ಆರದಿರುವುದು: ಪೆಡಲು ಪೂರ್ಣವಾಗಿ ಹಿಂತಿರುಗುತ್ತಿಲ್ಲ, ಇಲ್ಲವೆ ಸ್ವಿಚ್ಚು ಸ್ಥಾನ ತಪ್ಪಿದೆ. ಸದಾ ಹತ್ತಿರುವ ಬ್ರೇಕು ದೀಪವು ಹತ್ತದ ದೀಪದಷ್ಟೇ ನಿರರ್ಥಕ.

ದುರಸ್ತಿನ ವಿಧಾನ

ಅರ್ತಿನ ದೋಷಕ್ಕೆ ಶಾಶ್ವತವಾದ ಪರಿಹಾರವು ಒಂದೇ. ಪ್ಲಗ್ಗಿನ 3ನೆಯ ಕಡ್ಡಿಯಿಂದ ಎರಡು ದೀಪಗಳ ಹೋಲ್ಡರುಗಳವರೆಗೆ ಪ್ರತ್ಯೇಕವಾದ ಅರ್ತು ತಂತಿಯನ್ನು ಎಳೆಯಬೇಕು. ಕೊಂಡಿಯ ಗೂಟವನ್ನು ನೆಚ್ಚಬಾರದು. ಟ್ರೈಲರಿನ ಚೌಕಟ್ಟಿಗೂ ಇದನ್ನು ಒಂದು ಕಡೆ ಕೂಡಿಸುವುದು ಒಳ್ಳೆಯದು. ಕೂಡಿಸುವ ಸ್ಥಳದಲ್ಲಿ ಬಣ್ಣವನ್ನೂ ತುಕ್ಕನ್ನೂ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ತಂತಿಯ ಕೊನೆಗೆ ಉಂಗುರದ ಲಗ್ಗನ್ನು ಒತ್ತಿ, ಬೋಲ್ಟಿನಿಂದ ಬಿಗಿದು, ಅನಂತರ ಮೇಲೆ ಗ್ರೀಸನ್ನು ಸವರಬೇಕು. ಮೊದಲು ಗ್ರೀಸು ಹಚ್ಚಿ ಅನಂತರ ಬಿಗಿಯುವುದು ಸರಿಯಲ್ಲ.

ತಂತಿಯ ದಪ್ಪವೂ ಮುಖ್ಯ. ಪ್ಲಗ್ಗಿನಿಂದ ದೀಪದವರೆಗೆ 8 ಮೀಟರು ದೂರವಿದ್ದು, ಅರ್ಧ ಚದರ ಮಿಲಿಮೀಟರಿನ ತೆಳುವಾದ ತಾಮ್ರದ ತಂತಿಯನ್ನು ಹೋಗುವುದಕ್ಕೂ ಬರುವುದಕ್ಕೂ ಹಾಕಿದರೆ, ಎರಡು ಬ್ರೇಕು ಬಲ್ಬುಗಳು ಹತ್ತಿದಾಗ ಸುಮಾರು ಒಂದೂಮುಕ್ಕಾಲು ವೋಲ್ಟು ತಂತಿಯಲ್ಲಿಯೇ ಕಳೆದುಹೋಗುವುದು. ಒಂದೂವರೆ ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ಈ ನಷ್ಟವು ಅರ್ಧ ವೋಲ್ಟಿಗಿಂತ ತುಸು ಹೆಚ್ಚಾಗಿ ಮಾತ್ರ ಇರುವುದು. ಎಲ್ಲ ದೀಪಗಳ ವಿದ್ಯುತ್ತೂ ಅರ್ತಿನ ಮೂಲಕವೇ ಹಿಂತಿರುಗಬೇಕಾದುದರಿಂದ ಅದಕ್ಕೆ ಎರಡೂವರೆ ಚದರ ಮಿಲಿಮೀಟರಿನದನ್ನು ಉಪಯೋಗಿಸುವುದು ಉತ್ತಮ. ತಂತಿಯು ಅನೇಕ ಎಳೆಗಳಿಂದ ಕೂಡಿದ ಮೆದುವಾದ ತಂತಿಯಾಗಿರಬೇಕು; ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ಗಡುಸು ತಂತಿಯು ಕುಲುಕಿಗೆ ಬೇಗನೆ ಮುರಿಯುವುದು.

ಕಡಿದ ತಂತಿಯನ್ನು ಬರಿದೆ ಹೊಸೆದು ಟೇಪು ಸುತ್ತಿದರೆ ಬೇಸಿಗೆಯ ಬಿಸಿಲಿಗೆ ಅಂಟು ಕರಗಿ ಟೇಪು ಬಿಚ್ಚಿಕೊಳ್ಳುವುದು. ಹೊಸೆದ ಸಂದಿಗೆ ಸೀಸದ ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಕೊಳವೆಯನ್ನು ತೊಡಿಸಬೇಕು. ತಂತಿಗಳನ್ನೆಲ್ಲ ಒಂದು ಕೊಳವೆಯ ಒಳಗೆ ತೂರಿಸಿ ಚೌಕಟ್ಟಿನ ಒಳಮೈಗೆ ಅಲ್ಲಲ್ಲಿ ಕಟ್ಟಬೇಕು. ಹನಿ ನೀರಾವರಿಯಿಂದ ತೆಗೆದುಹಾಕಿದ ಹಳೆಯ ಕಪ್ಪು ಕೊಳವೆಯನ್ನು ಇದಕ್ಕೆ ಉಪಯೋಗಿಸಬಹುದು. ಕೊಂಡಿಯ ಬಳಿ ಪೂರ್ಣವಾಗಿ ತಿರುಗಿದರೂ ಎಳೆಯದಷ್ಟು, ಆದರೆ ನೆಲಕ್ಕೆ ತಗಲದಷ್ಟು ಸಡಿಲವನ್ನು ಬಿಡಬೇಕು. ಟ್ರೈಲರನ್ನು ಕಳಚಿಟ್ಟಾಗ ಪ್ಲಗ್ಗನ್ನು ಮಣ್ಣಿನಲ್ಲಿ ಬಿಡದೆ ಎತ್ತಿ ಕಟ್ಟಬೇಕು.

ಎಲ್‌.ಇ.ಡಿ. ದೀಪಗಳು ಕಡಿಮೆ ವಿದ್ಯುತ್ತನ್ನು ಬಯಸುವುವು; ಅವುಗಳಲ್ಲಿ ಕುಲುಕಿಗೆ ಮುರಿಯುವ ಎಳೆಯೂ ಇಲ್ಲ. ಆದುದರಿಂದ ಟ್ರೈಲರಿಗೆ ಅವು ಅನುಕೂಲವೇ. ಆದರೆ ಅವುಗಳಿಗೆ ಧನ ಋಣ ತುದಿಗಳು ತಪ್ಪಬಾರದು; ತಿರುವಿನ ದೀಪಗಳನ್ನು ಬದಲಾಯಿಸಿದರೆ ಮಿನುಗು ಅತಿ ವೇಗವಾಗುವುದುಂಟು, ಆಗ ತಕ್ಕ ಫ್ಲಾಷರನ್ನು ಹಾಕಿಸಬೇಕು. ಕೆಟ್ಟ ಅರ್ತಿಗೆ ಎಲ್‌.ಇ.ಡಿ. ದೀಪವೂ ಮದ್ದಲ್ಲ.

ಮಾಡಬಾರದ ಕೆಲಸಗಳು

ಫ್ಯೂಸು ಪದೇ ಪದೇ ಹೋಗುವುದೆಂದು ಅದರ ಸ್ಥಾನದಲ್ಲಿ ದಪ್ಪ ತಾಮ್ರದ ತಂತಿಯನ್ನಾಗಲಿ ಬೀಡಿ ಸಿಗರೇಟಿನ ಪೊಟ್ಟಣದ ಬೇಗಡೆಯನ್ನಾಗಲಿ ಹಾಕುವುದು ಅತ್ಯಂತ ಅಪಾಯಕರ. ಫ್ಯೂಸು ಉರಿಯದಿದ್ದರೆ ತಂತಿ ಉರಿಯುವುದು. ತಂತಿಯ ಮೇಲೆ ರಾಗಿಯ ಹುಲ್ಲೋ ಕಡಲೆಕಾಯಿಯ ಬಳ್ಳಿಯೋ ಇದ್ದರೆ ಒಂದು ವರ್ಷದ ಮೇವೂ ಟ್ರೈಲರೂ ಒಟ್ಟಿಗೆ ಭಸ್ಮವಾಗುವುವು. ಟ್ರೈಲರಿಗೆ ಬೆಸುಗೆ ಹಾಕಿಸುವಾಗ ಪ್ಲಗ್ಗನ್ನು ತಪ್ಪದೆ ಕಳಚಬೇಕು. ಟ್ರಾಕ್ಟರಿನ ಬ್ಯಾಟರಿಯ ತಂತಿಯನ್ನೂ ಬಿಚ್ಚಬೇಕು. ಹಿಂದಕ್ಕೆ ನಡೆಸುವಾಗ ದಿಬ್ಬಕ್ಕೆ ತಗಲಿ ದೀಪ ಒಡೆಯುವುದೆಂದು ದೀಪವನ್ನೇ ತೆಗೆದಿಡುವುದು ಕೂಡದು. ದೀಪವನ್ನು ಚೌಕಟ್ಟಿನಿಂದ ತುಸು ಒಳಕ್ಕೆ ಕೂರಿಸಿ, ಸುತ್ತಲೂ ಕಬ್ಬಿಣದ ಪಟ್ಟಿಯ ರಕ್ಷಣೆಯನ್ನು ಕೊಡಬೇಕು.

ಹತ್ತಿದರೂ ಕಾಣದ ದೀಪ

ದೀಪ ಹತ್ತಿದರೆ ಸಾಲದು, ಕಾಣಬೇಕು. ಹುಲ್ಲನ್ನು ಹಿಂದಕ್ಕೆ ಜೋಲುವಂತೆ ಹೇರಿದರೆ ದೀಪವು ಅದರ ಮರೆಯಲ್ಲಿ ಹುದುಗುವುದು. ಹಿಂಬಾಗಿಲನ್ನು ಇಳಿಬಿಟ್ಟು ಉದ್ದವಾದ ಬೊಂಬುಗಳನ್ನು ಸಾಗಿಸುವಾಗಲೂ ಹೀಗೆಯೇ ಆಗುವುದು. ಗೋಡುಮಣ್ಣಿನ ಕೆಸರು ಗಾಜನ್ನು ಮುಚ್ಚಿರುವುದುಂಟು. ಹೊರಡುವ ಮೊದಲು ಚಾಲಕನು ಮೂವತ್ತು ಹೆಜ್ಜೆ ಹಿಂದಕ್ಕೆ ನಡೆದು, ಇನ್ನೊಬ್ಬನಿಂದ ಬ್ರೇಕನ್ನು ಒತ್ತಿಸಿ ನೋಡುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಇದಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯದು. ಟ್ರೈಲರಿನ ಹಿಂಭಾಗಕ್ಕೂ ಪಕ್ಕಗಳಿಗೂ ಬೆಳಕನ್ನು ಪ್ರತಿಫಲಿಸುವ ಪಟ್ಟಿಗಳನ್ನು ಅಂಟಿಸಿದರೆ, ತಂತಿ ಕೆಟ್ಟ ರಾತ್ರಿಯಲ್ಲಿಯೂ ಕೆಟ್ಟು ನಿಂತ ರಾತ್ರಿಯಲ್ಲಿಯೂ ಅವು ಕೈಹಿಡಿಯುವುವು. ಆದರೆ ಅವು ಬ್ರೇಕು ದೀಪಕ್ಕೆ ಬದಲಾಗಲಾರವು. ಕೆಟ್ಟು ನಿಂತ ಟ್ರೈಲರಿನ ಚಕ್ರಕ್ಕೆ ಕೊಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲಿಯೇ ಬಿಟ್ಟುಹೋಗುವುದು ದೊಡ್ಡ ಅಪರಾಧವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಊರಿನ ಮುಖಂಡರು ಮಾಡಬಹುದಾದ ಸಹಾಯ

ಟ್ರೈಲರುಗಳನ್ನು ಇಟ್ಟುಕೊಂಡಿರುವ ಜಮೀನುದಾರರೂ ಊರಿನ ಮುಖಂಡರೂ ಮನಸ್ಸುಮಾಡಿದರೆ ಈ ಕೆಲಸವು ಬಹು ಸುಲಭವಾಗುವುದು. ಕಡಲೆಕಾಯಿ ಮತ್ತು ರಾಗಿಯ ಕಟಾವಿಗೆ ಮುಂಚೆ ಒಂದು ದಿವಸ, ಹುಣಿಸೆಹಣ್ಣಿನ ಕಾಲ ಬರುವ ಮುಂಚೆ ಇನ್ನೊಂದು ದಿವಸ, ಊರಿನ ಟ್ರೈಲರುಗಳನ್ನೆಲ್ಲ ಒಂದೆಡೆ ಸೇರಿಸಿ ಮೇಲೆ ಹೇಳಿದ ಪರೀಕ್ಷೆಯನ್ನು ನಡೆಸಬಹುದು. ಒಂದು ಪರೀಕ್ಷಾ ದೀಪವೂ ಒಂದು ಸುರುಳಿ ತಂತಿಯೂ ಊರಿಗೆಲ್ಲ ಸಾಕು. ವಿದ್ಯುತ್ತಿನ ಕೆಲಸ ಬಲ್ಲ ಯುವಕನೊಬ್ಬನನ್ನು ಜೊತೆಗೆ ಕರೆದರೆ ಕೆಲಸವು ಇನ್ನೂ ಬೇಗನೆ ಮುಗಿಯುವುದು. ಇತರರೂ ನೋಡಿ ಕಲಿಯುವರು. ಬಾಡಿಗೆಗೆ ಟ್ರೈಲರನ್ನು ಕರೆಯುವವರು, ದೀಪವಿಲ್ಲದುದನ್ನು ರಾತ್ರಿಯ ಕೆಲಸಕ್ಕೆ ಒಪ್ಪಿಕೊಳ್ಳದಿದ್ದರೆ ಅದರಿಂದಲೂ ಒಳ್ಳೆಯ ಪರಿಣಾಮವಾಗುವುದು.

ಕತ್ತಲಲ್ಲಿ ನಿಂತ ಟ್ರೈಲರಿಗೆ ಹಿಂದಿನಿಂದ ಬಂದು ತಗಲುವವನು ಎಲ್ಲಿಯವನೋ ಪರಸ್ಥಳದವನೇ ಆಗಿರಬೇಕೆಂಬ ನಿಯಮವಿಲ್ಲ. ರಾತ್ರಿಯ ಪಾಳಿಯನ್ನು ಮುಗಿಸಿ ಮನೆಗೆ ಮರಳುವ ಅದೇ ಊರಿನ ಮಗನೂ, ಹಾಲನ್ನು ಡೈರಿಗೆ ಒಯ್ಯುವ ನೆರೆಯವನೂ ಅದೇ ದಾರಿಯಲ್ಲಿ ಬರುವರು. ಒಂದು ಗೇಣು ಕಬ್ಬಿಣವನ್ನು ಉಜ್ಜಿ ಒಂದು ತಂತಿಯನ್ನು ಬಿಗಿಯುವ ಅಲ್ಪ ಶ್ರಮದಿಂದ ಅವರು ಕ್ಷೇಮವಾಗಿ ಮನೆಯನ್ನು ಸೇರುವುದಾದರೆ, ಆ ಶ್ರಮವನ್ನು ಸುಗ್ಗಿಯ ತರುವಾಯಕ್ಕೆ ಮುಂದೂಡದೆ ಸುಗ್ಗಿಗೆ ಮುಂಚೆಯೇ ಮಾಡಿ ಮುಗಿಸತಕ್ಕದ್ದು.